ದಪ್ಪಕ್ಷರದ ಹೊಟ್ಟೆ

ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ನಮ್ಮ ಬೇಲೂರಿನ ಚೆನ್ನಕೇಶವಸ್ವಾಮಿ ರಥೋತ್ಸವದ ಕರಪತ್ರ ನಮ್ಮ ಟ್ರೆಡಲ್ ಪ್ರೆಸ್ಸಿಗೆ ಬಂತೆಂದರೆ ಕಷ್ಟ ಕೊಡುತ್ತಿದ್ದದ್ದು ತಲೆಬರಹ. ದೂರದಿಂದಲೇ ಓದಿಸಿಕೊಳ್ಳಬೇಕು, ಹಾಗಾಗಿ ದಪ್ಪ ಮೊಳೆಯೇ ಆಗಬೇಕು. ಆದರೆ ದಪ್ಪವಾದಷ್ಟೂ ‘ರಥೋತ್ಸವ’ದ ಥಕಾರದ ಹೊಟ್ಟೆ ಕಿರಿದಾಗುತ್ತದೆ. ಒಳಗಿನ ಚುಕ್ಕಿಗೂ ಸುತ್ತಿನ ಗೆರೆಗೂ ನಡುವೆ ಉಳಿಯುವುದು ಕೂದಲೆಳೆಯಷ್ಟು ಬಿಳಿ. ಶಾಯಿ ಚೂರು ಹೆಚ್ಚಾಯಿತೋ, ಅದೂ ತುಂಬಿಕೊಂಡು ಕಪ್ಪು ಉಂಡೆ. ಕೆಳಗಿನ ಮಹಾಪ್ರಾಣದ ಸೀಳೂ ಮಾಯ. ತಕಾರಕ್ಕೆ ಸಕಾರದ ಒತ್ತು ಬೇರೆ. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ, ಮೊಳೆಯ ಹೊಟ್ಟೆ ಉಜ್ಜಿ, ಒರೆಸಿ, ಮತ್ತೆ ಕಾಗದ ಕೊಡುತ್ತಿದ್ದೆ.

ಇಂಗ್ಲಿಷಿನ ದಪ್ಪಕ್ಷರಗಳು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ, ಲಾಟರಿಯಂಥ ಜಾಹೀರಾತುಗಳಲ್ಲಿ ಮೆರೆದವು. ನಿಂತ ಗೆರೆಯನ್ನು ದಪ್ಪ ಮಾಡಿ, ತುದಿಯ ಸೆರಿಫ್ ಪಟ್ಟಿಯನ್ನು ತೆಳ್ಳಗೆ ಬಿಟ್ಟರು. ನೇರ ಗೆರೆಯ ಲಿಪಿಗೆ ಅದು ಸಲೀಸು. ನಮ್ಮದು ಸುತ್ತಿನ ಲಿಪಿ; ಆ ಪಟ್ಟಿಯ ಜಾಗದಲ್ಲಿ ನಮಗಿರುವುದು ತಲೆಕಟ್ಟು. ದಪ್ಪವನ್ನು ತಲೆಕಟ್ಟಿಗೆಷ್ಟು, ಸುತ್ತಿಗೆಷ್ಟು ಹಂಚಬೇಕು ಎಂಬುದರಲ್ಲೇ ಕನ್ನಡ ದಪ್ಪಕ್ಷರದ ಅಂದವೆಲ್ಲ ಇದೆ ಎಂದು ನಾನು ನಂಬಿದ್ದೇನೆ.

ಅಕ್ಷರದ ತಲೆಗೆ ತೂಕ ಕೊಡುವುದು ನಮ್ಮವರಿಗೆ ಹೊಸತಲ್ಲ. ತಾಳಗುಂದದ ಕದಂಬರ ಸ್ತಂಭಶಾಸನದಲ್ಲಿ ಅಕ್ಷರಗಳ ತಲೆಯ ಮೇಲೆ ಪುಟ್ಟ ಪೆಟ್ಟಿಗೆಗಳಿವೆ. ನಮ್ಮ ದೇವಸ್ಥಾನದಲ್ಲಿ 1117ರ ವಿಷ್ಣುವರ್ಧನನ ಶಾಸನವಿದೆ. ಶಿಲ್ಪಗಳ ಪೀಠಗಳಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಉಳಿ ಹೇಳಿದಂತೆ ಕೇಳುತ್ತದೆ. ಅಲ್ಲಿ ಅಕ್ಷರವೆಂದರೆ ಗುಂಡಿ. ಆಳಕ್ಕೆ ಕೊರೆದರೆ ನೆರಳು ನಿಂತು ಗೆರೆ ದಪ್ಪ ಕಾಣುತ್ತದೆ, ಹೊಟ್ಟೆ ಮುಚ್ಚುವುದಿಲ್ಲ. ಸೀಸದಲ್ಲಿ ಅಕ್ಷರವೆಂದರೆ ಗುಡ್ಡ. ದಪ್ಪ ಬೇಕೆಂದರೆ ಗುಡ್ಡವೇ ಅಗಲವಾಗಬೇಕು, ಒಳಗಿನ ಬಯಲು ಕರಗಬೇಕು.

ನಮ್ಮ ಕಲ್ಲುಗಳೂ ಸೀಸಕ್ಕೆ ಇಳಿದವು. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಐದನೇ ಸಂಪುಟ 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಬೇಲೂರು, ಅರಸೀಕೆರೆ ಸೇರಿದಂತೆ ಹಾಸನ ಜಿಲ್ಲೆಯ ಶಾಸನಗಳು ಅದರಲ್ಲಿವೆ. 1843ರ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತೆಗೆದ ಪ್ರೆಸ್ಸು ಅದು, 1894ರಲ್ಲಿ ಕಿಟೆಲ್ ನಿಘಂಟನ್ನು ಅಚ್ಚು ಹಾಕಿತ್ತು. ದಾಸೋಜನ ಕಾಲದ ಕನ್ನಡವನ್ನು ಮೊಳೆ ಮೊಳೆಯಾಗಿ ಕೂಡಿಸಿದ ಆ ಕಂಪೋಸಿಟರುಗಳ ಹೆಸರು ಎಲ್ಲಾದರೂ ಪೀಠದ ಮೇಲೆ ಇರಬೇಕಿತ್ತು.

ಈಗ ಫ್ಲೆಕ್ಸ್ ಅಂಗಡಿಯಲ್ಲಿ ಸಾದಾ ಅಕ್ಷರಕ್ಕೇ ಸುತ್ತ ಔಟ್‌ಲೈನ್ ಕೊಟ್ಟು ದಪ್ಪ ಮಾಡುತ್ತಾರೆ. ಗೆರೆ ಹೊರಗೂ ಒಳಗೂ ಒಂದೇ ಸಮ ಉಬ್ಬಿ, ಧಕಾರ ದಕಾರವಾಗಿ, ‘ಧನ’ ಹೋಗಿ ‘ದನ’ ಆಗುತ್ತದೆ. ದಪ್ಪಕ್ಕೆಂದೇ ಬರೆದ ಫಾಂಟುಗಳಿವೆ. ಮುಂಬಯಿಯ ಏಕ್ ಟೈಪ್ ಬಳಗದ ‘ಬಲೂ ತಮ್ಮ’ ಪುಕ್ಕಟೆಯಾಗಿ ಸಿಗುತ್ತದೆ. ಅಂಗಡಿಯ ಹುಡುಗರಿಗೆ ಅದನ್ನೇ ಹಾಕ್ರಪ್ಪ ಎನ್ನುತ್ತೇನೆ, ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬಿಡಿ ಎನ್ನುತ್ತೇನೆ. ಇಬ್ಬರು ಈಗ ಬಿಡುತ್ತಿದ್ದಾರೆ.