ಹಳೆಯ ಪಿಕಪ್‌ನ ತುಕ್ಕು ಕೋಲಾದಿಂದ ಹೋಗುತ್ತದೆಯೇ? ಹಾಲು ಕುಡಿದರೆ ವೆಲ್ಡಿಂಗ್ ಹೊಗೆ ತಾಗುವುದಿಲ್ಲವೇ? ಇಲ್ಲಿದೆ ಉತ್ತರ

ಗುಜರಿ ಸೇರಬೇಕಿದ್ದ ಹಳೆಯ ಪಿಕಪ್ ಟ್ರಕ್ ಹತ್ತೇ ನಿಮಿಷದ ವಿಡಿಯೊದಲ್ಲಿ ಫಳಫಳ ಹೊಳೆಯುವ ಗಾಡಿಯಾಗುವುದನ್ನು ನೀವೂ ಮೊಬೈಲ್‌ನಲ್ಲಿ ನೋಡಿರುತ್ತೀರಿ. ಇಂಥ ವಿಡಿಯೊಗಳಲ್ಲಿ ಹಲವು ಅಮೆರಿಕದವು. ಅಲ್ಲಿ ಹಳೆಯ ಪಿಕಪ್ ಕೊಂಡು, ಮನೆಯ ಶೆಡ್ಡಿನಲ್ಲೇ ರಜಾದಿನಗಳಲ್ಲಿ ಬಿಚ್ಚಿ, ತಮಗೆ ಬೇಕಾದ ಹಾಗೆ ಮತ್ತೆ ಕಟ್ಟುವುದು ಅನೇಕರ ಹವ್ಯಾಸ. ವಿಡಿಯೊ ಜೊತೆಗೆ ಸಲಹೆಗಳೂ ಫಾರ್ವರ್ಡ್ ಆಗಿ ಬರುತ್ತವೆ: ಕೋಲಾ ಸುರಿದರೆ ತುಕ್ಕು ಮಾಯ, ಬ್ಯಾಟರಿ ಚಾರ್ಜರ್ ಇದ್ದರೆ ರಾತ್ರೋರಾತ್ರಿ ಕಬ್ಬಿಣ ಹೊಸದು, ಹಾಲು ಕುಡಿದು ವೆಲ್ಡಿಂಗ್ ಮಾಡಿದರೆ ಹೊಗೆ ತಾಗುವುದಿಲ್ಲ.

ಇವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ಸತ್ಯ, ಕೆಲವು ಪ್ರಾಣಕ್ಕೇ ಕುತ್ತು ತರುವಂಥವು. ಒಂದೊಂದನ್ನೇ ನೋಡೋಣ. ನಿಮ್ಮಲ್ಲಿ ಪಿಕಪ್ ಇಲ್ಲದಿರಬಹುದು. ಆದರೆ ಹಳೆಯ ಜೀಪು, ಸ್ಕೂಟರು, ಕಬ್ಬಿಣದ ಗೇಟು ಇದ್ದರೂ ಈ ಮಾತುಗಳು ಹಾಗೇ ಅನ್ವಯಿಸುತ್ತವೆ.

ಮೊದಲು ಗಾಡಿಯ ಪರಿಚಯ

ಹವ್ಯಾಸಿಗಳು ತುಂಬ ಇಷ್ಟಪಡುವ ಗಾಡಿಗಳಲ್ಲಿ ಒಂದು ಷೆವರ್ಲೆ 3100. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಬಂದ ಈ ಮಾದರಿ 1955ರವರೆಗೆ ತಯಾರಾಯಿತು. ಆರು ಸಿಲಿಂಡರಿನ ಎಂಜಿನ್, ಆರು ವೋಲ್ಟಿನ ಬ್ಯಾಟರಿ, ಹಿಂದಿನ ತೊಟ್ಟಿಗೆ ಮರದ ಹಲಗೆಯ ನೆಲ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪ್ಯಾನರ್ ಹಿಡಿಯಲು ಬಂದವರು ಬಿಚ್ಚಿ ಕೂಡಿಸಬಹುದಾದ ಗಾಡಿ. ಅದೇ ಕಂಪನಿ 1928ರಿಂದ 1954ರವರೆಗೆ ಮುಂಬಯಿಯಲ್ಲೂ ವಾಹನಗಳನ್ನು ಜೋಡಿಸುತ್ತಿದ್ದ ಕಾರಣ ಷೆವರ್ಲೆ ಹೆಸರು ನಮ್ಮ ಹಿರಿಯರಿಗೂ ಹೊಸದಲ್ಲ.

ಇಂಥ ಗಾಡಿಯ ದೊಡ್ಡ ಶತ್ರು ತುಕ್ಕು. ಕಬ್ಬಿಣ, ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಸೇರಿದರೆ ತುಕ್ಕು ಹುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಉಬ್ಬಿ, ಮೇಲಿನ ಬಣ್ಣವನ್ನು ಎಬ್ಬಿಸಿ, ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆಗ ಕೆಳಗಿನ ಹೊಸ ಕಬ್ಬಿಣಕ್ಕೆ ನೀರು ತಾಗುತ್ತದೆ. ಉಪ್ಪು ಸೇರಿದರೆ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಅಮೆರಿಕದ ಉತ್ತರ ಭಾಗದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವುದರಿಂದ ಅಲ್ಲಿನ ಗಾಡಿಗಳು ಬೇಗ ಕೊಳೆಯುತ್ತವೆ. ಮಂಗಳೂರು, ಕಾರವಾರದ ಗಾಡಿಗಳಿಗೆ ಕಡಲ ಗಾಳಿಯ ಉಪ್ಪು ಅದೇ ಕೆಲಸ ಮಾಡುತ್ತದೆ.

ಕೋಲಾ, ವಿನೆಗರ್ ಹಾಕಿದರೆ ತುಕ್ಕು ಹೋಗುತ್ತದೆಯೇ?

ಹೋಗುತ್ತದೆ, ಆದರೆ ಚಿಕ್ಕ ವಸ್ತುಗಳಲ್ಲಿ ಮಾತ್ರ. ಹುಣಸೆಹಣ್ಣಿನಿಂದ ಹಿತ್ತಾಳೆ ಪಾತ್ರೆ ಬೆಳಗುವುದು ನಮಗೆ ಗೊತ್ತಿರುವ ವಿದ್ಯೆ. ಹುಳಿಯಲ್ಲಿರುವ ಆಮ್ಲ ಲೋಹದ ಮೇಲಿನ ಆಕ್ಸೈಡನ್ನು ಕರಗಿಸುತ್ತದೆ. ಕೋಲಾದಲ್ಲಿ ಸ್ವಲ್ಪ ಫಾಸ್ಫಾರಿಕ್ ಆಮ್ಲ ಇರುತ್ತದೆ. ಅದು ಬೋಲ್ಟಿನ ತೆಳು ತುಕ್ಕನ್ನು ನಿಧಾನವಾಗಿ ತೆಗೆಯಬಲ್ಲದು. ಆದರೆ ಪ್ರಮಾಣ ತೀರಾ ಕಡಿಮೆ, ಜೊತೆಗೆ ಸಕ್ಕರೆಯ ಅಂಟು ಬೇರೆ. ಅಡುಗೆಮನೆಯ ಬಿಳಿ ವಿನೆಗರ್ ಇದಕ್ಕಿಂತ ಉಪಯುಕ್ತ. ನಟ್ಟು, ಬೋಲ್ಟು, ಕೀಲುಗಳನ್ನು ಒಂದು ರಾತ್ರಿ ನೆನೆಸಿಟ್ಟು ತಂತಿ ಬ್ರಷ್‌ನಿಂದ ಉಜ್ಜಿದರೆ ತುಕ್ಕು ಬಿಡುತ್ತದೆ.

ಫಾರ್ವರ್ಡ್‌ಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತವೆ. ಮುಂದಿನ ಕೆಲಸವೇ ಮುಖ್ಯ. ಆಮ್ಲದಿಂದ ತೆಗೆದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ತೊಳೆದು, ತಕ್ಷಣ ಪೂರ್ತಿ ಒಣಗಿಸಿ ಎಣ್ಣೆ ಅಥವಾ ಪ್ರೈಮರ್ ಹಚ್ಚಬೇಕು. ಇಲ್ಲದಿದ್ದರೆ ಬೇಗನೆ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ. ವಾರಗಟ್ಟಲೆ ನೆನೆಸಿಟ್ಟರೆ ಆಮ್ಲ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಸ್ಪ್ರಿಂಗ್ ಮತ್ತು ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಆಮ್ಲದಲ್ಲಿ ನೆನೆಸಲೇಬಾರದು. ಆಗ ಹುಟ್ಟುವ ಜಲಜನಕ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ, ಭಾರ ಬಿದ್ದಾಗ ಅದು ಪಟ್ಟನೆ ಮುರಿಯಬಹುದು.

ನಮ್ಮ ತೀರ್ಮಾನ: ಅರ್ಧ ಸತ್ಯ.

ಬ್ಯಾಟರಿ ಚಾರ್ಜರ್‌ನಿಂದ ತುಕ್ಕು ತೆಗೆಯಬಹುದೇ?

ತೆಗೆಯಬಹುದು. ಇದರ ಹಿಂದಿನ ವಿಜ್ಞಾನ ಸರಿಯಾಗಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಅದರಲ್ಲಿ ಸ್ವಲ್ಪ ವಾಷಿಂಗ್ ಸೋಡಾ. ತುಕ್ಕು ಹಿಡಿದ ಭಾಗಕ್ಕೆ ಚಾರ್ಜರಿನ ನೆಗೆಟಿವ್ ತಂತಿ, ಪಕ್ಕದಲ್ಲಿ ಮುಳುಗಿಸಿದ ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್ ತಂತಿ. ವಿದ್ಯುತ್ ಹರಿದಾಗ ತುಕ್ಕು ಸಡಿಲವಾಗುತ್ತದೆ, ಒಳ್ಳೆಯ ಕಬ್ಬಿಣ ಉಳಿಯುತ್ತದೆ. ತಂತಿ ಅದಲುಬದಲಾದರೆ ಮಾತ್ರ ಉಳಿಸಬೇಕಾದ ಭಾಗವೇ ಕರಗುತ್ತದೆ.

ಅಪಾಯ ಇರುವುದು ಮೂರು ಕಡೆ. ಒಂದು, ಪಾಸಿಟಿವ್ ಕಡೆಗೆ ಕೆಲವರು ಹಳೆಯ ಸ್ಟೀಲ್ ಚಮಚ, ತಟ್ಟೆ ಹಾಕಲು ಹೇಳುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇದೆ. ವಿದ್ಯುತ್ತಿನಿಂದ ಅದು ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷವಾಗಿ ನೀರಿಗೆ ಸೇರಬಹುದು. ಇದು ಕ್ಯಾನ್ಸರ್‌ಕಾರಕ. ಆ ನೀರನ್ನು ಮೋರಿಗೋ ತೋಟಕ್ಕೋ ಚೆಲ್ಲಿದರೆ ಅಪಾಯ ಇನ್ನೊಬ್ಬರ ಬಾವಿಯವರೆಗೂ ಹೋಗುತ್ತದೆ. ಎರಡು, ವಾಷಿಂಗ್ ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಮೂರು, ಸರಿಯಾಗಿ ಮಾಡಿದರೂ ಗುಳ್ಳೆಗಳಾಗಿ ಬರುವುದು ಜಲಜನಕ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಒಂದು ಕಿಡಿ ಸಾಕು. ಬಯಲಿನಲ್ಲೇ ಮಾಡಿ, ತಂತಿ ತೆಗೆಯುವ ಮೊದಲು ಚಾರ್ಜರ್ ಆಫ್ ಮಾಡಿ.

ನಮ್ಮ ತೀರ್ಮಾನ: ನಿಜ. ಆದರೆ ಸ್ಟೀಲ್ ಚಮಚವೂ ಬೇಡ, ಉಪ್ಪೂ ಬೇಡ.

ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಸಾಕೇ?

ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಸುಳ್ಳಲ್ಲ. ಅವುಗಳಲ್ಲಿ ಕೆಲವಕ್ಕೆ ಟ್ಯಾನಿನ್ ಎಂಬ ಒಗರು ಪದಾರ್ಥ ಆಧಾರ. ಕಲಂಕಾರಿ ಬಟ್ಟೆಯಲ್ಲಿ ಅಳಲೆಕಾಯಿಯ ಒಗರು ಕಬ್ಬಿಣದ ನೀರಿನೊಂದಿಗೆ ಸೇರಿ ಕಪ್ಪು ಬಣ್ಣ ಕೊಡುವ ಹಾಗೆ, ಇಲ್ಲೂ ತುಕ್ಕು ಕಪ್ಪಾದ ಗಟ್ಟಿ ಪದರವಾಗುತ್ತದೆ. ಆದರೆ ಇದು ಬಿಗಿಯಾಗಿ ಅಂಟಿಕೊಂಡ ತೆಳು ತುಕ್ಕಿಗೆ ಮಾತ್ರ. ಚಕ್ಕೆ ಏಳುವ ತುಕ್ಕನ್ನು ಮೊದಲು ಉಜ್ಜಿ ತೆಗೆಯಬೇಕು. ತೂತು ಬಿದ್ದಲ್ಲಿ ತಗಡು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡುವುದೇ ದಾರಿ.

ತೂತಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದರೆ ನೋಡಲು ಚೆಂದ. ಒಳಗೆ ತೇವ ಸೇರಿ ಕೆಲವು ಮಳೆಗಾಲದಲ್ಲೇ ಮತ್ತೆ ಉಬ್ಬುತ್ತದೆ. ಹಳೆಯ ಗಾಡಿ ಕೊಳ್ಳುವವರು ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಬಾಡಿಯ ಮೇಲೆ ಆಡಿಸಿ ನೋಡಬೇಕು. ಉಕ್ಕಿನ ಬಾಡಿಯಲ್ಲಿ ಅದು ಹಿಡಿಯದೆ ಜಾರಿದ ಕಡೆ ದಪ್ಪ ಪುಟ್ಟಿ ಇದೆ ಎಂದರ್ಥ.

ನಮ್ಮ ತೀರ್ಮಾನ: ತೆಳು ತುಕ್ಕಿಗೆ ನಿಜ, ತೂತಿಗೆ ಸುಳ್ಳು.

ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ತಾಗುವುದಿಲ್ಲವೇ?

ಹಾಲಿನ ನಂಬಿಕೆ ಅಮೆರಿಕದ ವೆಲ್ಡರ್‌ಗಳಲ್ಲೂ ಇದೆ, ನಮ್ಮ ಗ್ಯಾರೇಜುಗಳಲ್ಲೂ ಇದೆ. ಬೆಲ್ಲ ನಮ್ಮ ಸೇರ್ಪಡೆ. ಹಾಲು, ಬೆಲ್ಲ ಹೋಗುವುದು ಹೊಟ್ಟೆಗೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಒಂದು ಇನ್ನೊಂದನ್ನು ತಡೆಯಲಾರದು.

ಜಿಐ ತಗಡು, ಅಂದರೆ ಸತುವಿನ ಲೇಪ ಇರುವ ತಗಡನ್ನು ವೆಲ್ಡ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ. ಅದನ್ನು ಉಸಿರಾಡಿದರೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ತಾನಾಗಿ ಇಳಿದ ಜ್ವರಕ್ಕೆ ಹಾಲಿನ ಹೆಸರು ಬಂದಿರಬಹುದು. ವೆಲ್ಡ್ ಮಾಡುವ ಜಾಗದ ಲೇಪವನ್ನು ಮೊದಲೇ ತೆಗೆಯುವುದು, ಗಾಳಿಯಾಡುವ ಕಡೆ ಕೆಲಸ ಮಾಡುವುದು, ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕುವುದು ನಿಜವಾದ ರಕ್ಷಣೆ.

ಇದಕ್ಕಿಂತ ದೊಡ್ಡ ಅಪಾಯ ಬ್ರೇಕ್ ಕ್ಲೀನರ್ ಸ್ಪ್ರೇ. ಇವುಗಳಲ್ಲಿ ಕೆಲವಕ್ಕೆ ಕ್ಲೋರಿನ್ ಇರುವ ದ್ರಾವಕ ಬಳಸಿರುತ್ತಾರೆ. ಅದರಿಂದ ಒರೆಸಿದ ಜಾಗಕ್ಕೆ ವೆಲ್ಡಿಂಗ್ ಬಿಸಿ ಮತ್ತು ಬೆಳಕು ತಾಗಿದರೆ ಫಾಸ್ಜೀನ್ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲ ಇದೇ. ಉಸಿರಾಡಿದ ಕೂಡಲೇ ಹೆಚ್ಚೇನೂ ಆಗದಂತೆ ಕಂಡರೂ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇಂಥ ಸಂಶಯ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ, ಏನು ಬಳಸಿದಿರಿ ಎಂಬುದನ್ನು ವೈದ್ಯರಿಗೆ ಹೇಳಿ. ಖಾಲಿ ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡುವುದಂತೂ ಬೇಡವೇ ಬೇಡ. ಟ್ಯಾಂಕ್ ಖಾಲಿಯಾದರೂ ಒಳಗಿನ ಆವಿ ಸ್ಫೋಟಿಸುತ್ತದೆ.

ನಮ್ಮ ತೀರ್ಮಾನ: ಸುಳ್ಳು, ಅಪಾಯಕಾರಿ.

ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಸಾಕೇ?

ಸಾಲದು. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಕೆಲವು ಕಾರ್ಖಾನೆಗಳಲ್ಲಿ ಬಾಡಿಯ ಜೋಡಣೆಗಳಿಗೂ ಸೀಸ ತುಂಬುತ್ತಿದ್ದರು. ಉಪ್ಪು ಕಾಗದದಿಂದ ಒಣದಾಗಿ ಉಜ್ಜಿದರೆ ಸೀಸದ ಸಣ್ಣ ದೂಳು ಏಳುತ್ತದೆ. ಅದು ಬಟ್ಟೆಗೆ, ಕೂದಲಿಗೆ ಅಂಟಿ ಮನೆಯೊಳಗೆ ಬರುತ್ತದೆ. ನೆಲದಲ್ಲಿ ಆಡುವ, ಕೈ ಬಾಯಿಗೆ ಹಾಕುವ ಮಕ್ಕಳಿಗೆ ಇದು ಹೆಚ್ಚು ಅಪಾಯ, ಏಕೆಂದರೆ ಸೀಸ ಅವರ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ನೀರು ಹಾಕಿ ಉಜ್ಜಿ, ಕೆಸರನ್ನು ಒರೆಸಿ ಕಟ್ಟಿಡಿ, ಕೆಲಸದ ಬಟ್ಟೆಯನ್ನು ಬೇರೆಯೇ ಒಗೆಯಿರಿ, ಸಣ್ಣ ಕಣ ತಡೆಯುವ ಮಾಸ್ಕನ್ನು ಮುಖಕ್ಕೆ ಬಿಗಿಯಾಗಿ ಹಾಕಿ.

ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಹೊಳಪಿನ ಬಣ್ಣಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ. ಅದು ಆಸ್ತಮಾ ತರಬಲ್ಲದು. ಅದರ ಆವಿಯನ್ನು ಕರ್ಚೀಫಾಗಲಿ ಎನ್95 ಮಾಸ್ಕ್ ಆಗಲಿ ತಡೆಯುವುದಿಲ್ಲ. ಅಂಥ ಬಣ್ಣವನ್ನು ಸರಿಯಾದ ಬೂತ್ ಇರುವ ಪೇಂಟರ್‌ಗೆ ಬಿಡುವುದು ಒಳ್ಳೆಯದು.

ದೊಡ್ಡ ಎಂಜಿನ್ ಹಾಕಿದರೆ ಗಾಡಿ ತಯಾರೇ?

ಹವ್ಯಾಸಿಗಳು ಹಳೆಯ ಬಾಡಿಗೆ ಹೊಸ ವಿ8 ಎಂಜಿನ್ ಕೂರಿಸುವುದುಂಟು. ಆದರೆ ಮೂಲ ಗಾಡಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಎಲ್ಲಕ್ಕೂ ಒಂದೇ ಬ್ರೇಕ್ ಆಯಿಲ್ ಮಾರ್ಗ. ಎಲ್ಲಾದರೂ ಒಂದು ಕಡೆ ಪೈಪು ಸೋರಿದರೆ ಪೆಡಲ್ ಬ್ರೇಕ್ ಪೂರ್ತಿ ಹೋಗುತ್ತದೆ. ಸೀಟ್ ಬೆಲ್ಟೂ ಇಲ್ಲ. ಆದ್ದರಿಂದ ಅನುಭವಿಗಳು ಮೊದಲು ಎರಡು ಮಾರ್ಗದ ಮಾಸ್ಟರ್ ಸಿಲಿಂಡರ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಬೆಲ್ಟು ಹಾಕಿ, ಎಂಜಿನ್ ವಿಷಯಕ್ಕೆ ಆಮೇಲೆ ಬರುತ್ತಾರೆ. ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು. ಹಳೆಯ ಬ್ಯಾಟರಿ ಬದಲು 12 ವೋಲ್ಟ್ ಹಾಕುವವರು ಬಲ್ಬು, ಮೀಟರುಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು.

ನಮ್ಮಲ್ಲಿ ಹೀಗೆ ಬದಲಾಯಿಸಬಹುದೇ?

ವಿಡಿಯೊ ನೋಡಿ ಉತ್ಸಾಹ ಬಂದವರು ಇದನ್ನು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕಾನೂನು ಅನುಮತಿಸುವ ಎಂಜಿನ್ ಬದಲಾವಣೆಯಂಥ ಕೆಲಸಕ್ಕೂ ಆರ್‌ಟಿಒ ಕಚೇರಿಯ ಮೂಲಕವೇ ಹೋಗಬೇಕು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ ವಾಹನಗಳಿಗೆ 'ವಿಎ' ಅಕ್ಷರಗಳಿರುವ ನಂಬರ್ ಸಿಗುತ್ತದೆ. ಆದರೆ ಷಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು, ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಅಂದರೆ ಮೂಲ ರೂಪಕ್ಕೆ ತಂದರೆ ಈ ದಾರಿ ತೆರೆದಿದೆ, ಬೇಕಾದ ಹಾಗೆ ಬದಲಿಸಿದರೆ ಮುಚ್ಚಿಹೋಗುತ್ತದೆ. ಕೆಲಸ ಶುರು ಮಾಡುವ ಮೊದಲೇ ಇದನ್ನು ನಿರ್ಧರಿಸಿ.

ಕೊನೆಯದಾಗಿ

ಹಳೆಯ ಗಾಡಿಯನ್ನು ಮನೆಯಲ್ಲೇ ಮತ್ತೆ ಎಬ್ಬಿಸುವುದು ಒಳ್ಳೆಯ ಹವ್ಯಾಸ. ವಿನೆಗರ್, ವಾಷಿಂಗ್ ಸೋಡಾ, ತಂತಿ ಬ್ರಷ್ ಮತ್ತು ತಾಳ್ಮೆಯಿಂದ ಬಹಳಷ್ಟು ಕೆಲಸ ಸಾಗುತ್ತದೆ. ವಿಡಿಯೊದಲ್ಲಿ ಹತ್ತು ನಿಮಿಷಕ್ಕೆ ಮುಗಿಯುವುದು ನಿಜದಲ್ಲಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕೆಲಸ. ತುಕ್ಕು ತೆಗೆಯುವ ಸಲಹೆ ತಪ್ಪಾದರೆ ಒಂದು ಬೋಲ್ಟ್ ಹೋದೀತು. ಹೊಗೆ, ದೂಳು, ಬ್ರೇಕ್ ಬಗ್ಗೆ ಸಲಹೆ ತಪ್ಪಾದರೆ ಮನುಷ್ಯರೇ ಹೋಗುತ್ತಾರೆ. ಮುಂದಿನ ಸಲ ಇಂಥ ವಿಡಿಯೊ ಬಂದಾಗ, ಏನು ಬೆರೆಸಬೇಕು ಎಂಬುದರ ಜೊತೆಗೆ ಏನು ಬೆರೆಸಬಾರದು ಎಂದೂ ಹೇಳಿದ್ದಾರೆಯೇ ನೋಡಿ. ಹೇಳಿರದಿದ್ದರೆ ಫಾರ್ವರ್ಡ್ ಮಾಡಬೇಡಿ. ವೆಲ್ಡಿಂಗ್, ಪೇಂಟಿಂಗ್ ಕೆಲಸ ಮಾಡುವ ಪರಿಚಯದವರಿದ್ದರೆ ಹಾಲು-ಬೆಲ್ಲದ ವಿಷಯವನ್ನು ಅವರಿಗೆ ತಪ್ಪದೆ ತಿಳಿಸಿ.