ನಿಕಾಹ್ ಒಂದು ಮಾತು, ಮನೆ ಇನ್ನೊಂದು ಮಾತು

ಗಂಡ ಹೆಂಡತಿ ಅಂದರೆ ಒಂದೇ ಮನೆಯಲ್ಲಿ ಇರುವವರು, ಆ ಮನೆ ಗಂಡನದು ಅಂತ ಈಗ ನಾವು ತಿಳಿದುಕೊಂಡಿದ್ದೇವೆ. ನಮ್ಮ ಕರಾವಳಿಯ ಹಳೆಯ ಕಥೆ ಹಾಗಿಲ್ಲ.

ಕಣ್ಣೂರು, ತಲಶ್ಶೇರಿ ಕಡೆಯ ಅನೇಕ ಮಾಪಿಳ್ಳೆ ಮನೆತನಗಳಲ್ಲಿ ಹೆಣ್ಣು ಮದುವೆಯಾದ ಮೇಲೂ ತಾಯಿಯ ತರವಾಡಿನಲ್ಲೇ ಇರುತ್ತಿದ್ದಳು. ಅವಳಿಗಾಗಿ ಅಲ್ಲೇ ಒಂದು ಕೋಣೆ ಸಿದ್ಧವಾಗುತ್ತಿತ್ತು. ಅಳಿಯ ಬಂದು ಹೋಗುತ್ತಿದ್ದ. ಮಕ್ಕಳು ತಾಯಿಯ ಮನೆಯವರು. ಆಸ್ತಿ ಒಡೆಯುತ್ತಿರಲಿಲ್ಲ, ಕಾರಣವರ್, ಅಂದರೆ ಹಿರಿಯ ಮಾವ, ನೋಡಿಕೊಳ್ಳುತ್ತಿದ್ದ. ಕಣ್ಣೂರಿನ ಅರಕ್ಕಲ್ ಮನೆತನದಲ್ಲಿ ಪಟ್ಟವೇ ಹೆಣ್ಣಿನ ಕಡೆಯಿಂದ ಬರುತ್ತಿತ್ತು. ಹಿರಿಯಳು ಹೆಣ್ಣಾದರೆ ಬೀವಿಯೇ ಆಳುತ್ತಿದ್ದಳು.

ಇಲ್ಲಿ ನಿಕಾಹ್‌ಗೆ ಯಾವ ಕೊರತೆಯೂ ಇರಲಿಲ್ಲ. ವಲಿ, ಸಾಕ್ಷಿ, ಮಹರ್ ಎಲ್ಲವೂ ಇತ್ತು. ಸಂಬಂಧ ಶರೀಅತ್ತಿನದು, ಆಸ್ತಿ ನಾಡಿನ ರೂಢಿಯದು. ಎರಡೂ ಒಂದೇ ಚಾವಡಿಯಲ್ಲಿ ಬಾಳಿದವು.

ಪಕ್ಕದ ನಾಯರ್ ಮನೆಗಳಲ್ಲಿ ಸಂಗತಿ ಉಲ್ಟಾ. ಅವರ ಸಂಬಂಧಂ ಪದ್ಧತಿಯಲ್ಲಿ ಗಂಡು ಹೆಣ್ಣಿಗೆ ಬಟ್ಟೆ ಕೊಟ್ಟರೆ ಬಂಧ ಕೂಡಿತು. ಊರಿಗೆ ಅದು ಮದುವೆ. ಬ್ರಿಟಿಷರ ಕೋರ್ಟಿಗೆ ಅಲ್ಲ. ಆ ಗಂಡನ ಮೇಲೆ ಹೆಂಡತಿಗಾಗಲಿ ಮಕ್ಕಳಿಗಾಗಲಿ ಕಾನೂನಿನ ಹಕ್ಕಿರಲಿಲ್ಲ. ಇದನ್ನು ವಿಚಾರಿಸಲು 1891ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ಕೂತಿತು. 'ಇಂದುಲೇಖಾ' ಬರೆದ ಒ. ಚಂದು ಮೇನೋನ್ ಕೂಡ ಅದರಲ್ಲಿದ್ದರು. ಸಂಬಂಧಂ ಈಗಾಗಲೇ ಮದುವೆಯೇ, ಹೊಸದಾಗಿ ಮದುವೆ ಮಾಡಿಸುವ ಕಾನೂನು ಬೇಡ ಎಂಬುದು ಅವರ ವಾದ. ಆದರೂ 1896ರಲ್ಲಿ ಮಲಬಾರ್ ಮದುವೆ ಕಾಯ್ದೆ ಬಂತು. ಇಷ್ಟವಿದ್ದವರು ಸಂಬಂಧವನ್ನು ನೋಂದಾಯಿಸಬಹುದಿತ್ತು. ನೋಂದಾಯಿಸಿದವರು ತೀರಾ ಕಡಿಮೆ. ನೋಂದಾಯಿಸದ ಸಂಬಂಧಕ್ಕೂ ಮಾನ್ಯತೆ ಸಿಗಲು 1932ರ ಮದರಾಸು ಮರುಮಕ್ಕತ್ತಾಯಂ ಕಾಯ್ದೆಯೇ ಬರಬೇಕಾಯಿತು.

ನಾಯರ್ ಹೆಣ್ಣಿಗೆ ಮನೆಯಿತ್ತು, ಕೋರ್ಟು ಒಪ್ಪುವ ಮದುವೆಯಿರಲಿಲ್ಲ. ಮಾಪಿಳ್ಳೆ ಹೆಣ್ಣಿಗೆ ಎರಡೂ ಇತ್ತು. ಹಾಗಂತ ಎಲ್ಲ ಸರಿಯಿತ್ತು ಎನ್ನಲಾರೆ. ಒಬ್ಬ ದುಡಿದು ಗಳಿಸಿದ್ದು ಅವನು ತೀರಿಕೊಂಡ ಮೇಲೆ ಅವನ ತಾಯಿಯ ತರವಾಡಿಗೆ ಹೋಗುತ್ತಿತ್ತು. ಹೆಂಡತಿ ಮಕ್ಕಳು ಬರಿಗೈ. ಖುರ್‌ಆನ್ ಹೇಳಿದ ಪಾಲು ಎಲ್ಲಿ ಎಂದು ಸಮುದಾಯದವರೇ ಕೇಳಿದರು. 1918ರ ಮಾಪಿಳ್ಳೆ ಉತ್ತರಾಧಿಕಾರ ಕಾಯ್ದೆ ಸ್ವಂತ ಗಳಿಕೆಯನ್ನು ಮುಸ್ಲಿಂ ಕಾನೂನಿನ ಪ್ರಕಾರ ಹಂಚುವಂತೆ ಮಾಡಿತು. 1938ರ ಮಾಪಿಳ್ಳೆ ಮರುಮಕ್ಕತ್ತಾಯಂ ಕಾಯ್ದೆಯಿಂದ ತರವಾಡನ್ನೇ ಪಾಲು ಮಾಡಲು ದಾರಿಯಾಯಿತು.

ನ್ಯಾಯವಾದ ಬದಲಾವಣೆಯೇ. ಆದರೆ ತರವಾಡು ಒಡೆದಾಗ ಒಂದು ವಸ್ತು ಕೈತಪ್ಪಿತು: ಮದುವೆ ಮುರಿದರೂ, ಗಂಡ ಸತ್ತರೂ ಹೆಣ್ಣನ್ನು ಯಾರೂ ಇಳಿಸಲಾಗದ ಮನೆ. ಮೊದಲು ತಲಾಖ್ ಆದರೆ ಹೊರಗೆ ಹೋಗುವವನು ಗಂಡು. ಈಗ ಮಕ್ಕಳನ್ನು ಎತ್ತಿಕೊಂಡು ಹೊರಡುವವಳು ಹೆಣ್ಣು.

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ್ದೇ ತಾಲೂಕು. ತೆಂಕಲಿಗೆ ಮರುಮಕ್ಕತ್ತಾಯ, ಬಡಗಲಿಗೆ ಬಂಟ, ಬಿಲ್ಲವರ ಅಳಿಯಸಂತಾನ. ನಡುವೆ ನಾವು ಬ್ಯಾರಿಗಳು. ಅಳಿಯ ಮಾವನ ಮನೆಯಲ್ಲಿ ಉಳಿಯುವುದನ್ನು ಈಗಿನವರು ತಮಾಷೆ ಮಾಡುತ್ತಾರೆ. ಈ ಚರಿತ್ರೆ ಓದಿದ ಮೇಲೆ ನನಗೆ ಅದು ತಮಾಷೆಯಾಗಿ ಕಾಣುವುದಿಲ್ಲ.

ಮದುವೆ ಮಾತುಕತೆಗೆ ನಾನೂ ಎಷ್ಟೋ ಸಲ ಹೋಗಿ ಕೂತಿದ್ದೇನೆ. ಚಿನ್ನ ಎಷ್ಟು, ಹುಡುಗ ಗಲ್ಫಿನಲ್ಲಿ ಏನು ಕೆಲಸ, ಊಟಕ್ಕೆ ಎಷ್ಟು ಜನ, ಎಲ್ಲ ಕೇಳುತ್ತಾರೆ. ಹುಡುಗಿ ಇರಲಿರುವ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳುವವರಿಲ್ಲ. ಮಸೀದಿಯ ದಫ್ತರದಲ್ಲಿ ನಿಕಾಹ್ ಬರೆಯುತ್ತಾರೆ. ಕೇರಳದಲ್ಲಿ 2008ರ ನಿಯಮದ ಪ್ರಕಾರ ಯಾವ ಧರ್ಮದ ಮದುವೆಯಾದರೂ ಪಂಚಾಯತಿನಲ್ಲೋ ನಗರಸಭೆಯಲ್ಲೋ ನೋಂದಾಯಿಸಬೇಕು. ಬಂಧಕ್ಕೆ ಕಾಗದ ಸಿಕ್ಕಿತು. ಸೂರಿಗೆ?

ತರವಾಡು ಮರಳಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಮಹರ್ ಅನ್ನು ಬರೀ ಚಿನ್ನದಲ್ಲಿ ಕೊಡಬೇಕೆಂದು ಎಲ್ಲೂ ಇಲ್ಲ. ಐದು ಸೆಂಟ್ಸ್ ಜಾಗವೂ ಮಹರ್ ಆಗಬಹುದು. ಮಗಳ ಪಾಲನ್ನು ಮದುವೆ ಖರ್ಚಿನಲ್ಲಿ ಮುಗಿಸದೆ ಆಧಾರದಲ್ಲಿ ಬರೆದುಕೊಡಬಹುದು. ಮುಂದಿನ ಮಾತುಕತೆಯಲ್ಲಿ ಬಿರಿಯಾನಿಯ ಲೆಕ್ಕಕ್ಕೆ ಮೊದಲು ಇದನ್ನು ಕೇಳಿ.