ಎರಡು ಚಕ್ರ, ಒಂದು ಹಗ್ಗ

ಆಲ್ಪ್ಸ್ ಪರ್ವತಗಳ ಆರೋಹಣದ ಚರಿತ್ರೆಯನ್ನು ಓದುವಾಗ ನಾವು ಶಿಖರಗಳ ಹೆಸರನ್ನೂ, ಅವುಗಳ ಎತ್ತರವನ್ನೂ, ಮೊದಲು ಹತ್ತಿದವರ ಹೆಸರನ್ನೂ ನೆನಪಿನಲ್ಲಿಡುತ್ತೇವೆ. ಆ ಸಾಹಸಿಗಳು ಪರ್ವತದ ಬುಡಕ್ಕೆ ಹೇಗೆ ಬಂದು ಸೇರಿದರು ಎಂದು ಕೇಳುವುದು ಅಪರೂಪ. ಈ ಸಣ್ಣ ಪ್ರಶ್ನೆಯನ್ನು ಕೇಳಿದೆವಾದರೆ ಆ ಚರಿತ್ರೆಯ ಒಂದು ದೊಡ್ಡ ತಿರುವು ಕಣ್ಣಿಗೆ ಬೀಳುತ್ತದೆ. ಸೈಕಲ್ಲಿನ ಮೇಲೆ ದೇಶಗಳನ್ನು ದಾಟಿ ಬಂದು, ಶಿಖರವನ್ನೇರಿ, ಮತ್ತೆ ಸೈಕಲ್ಲಿನ ಮೇಲೆಯೇ ಮನೆಗೆ ಮರಳಿದ ತರುಣರ ವಿಷಯವನ್ನು ಈ ಹೊತ್ತು ನಾವು ಆಲೋಚಿಸೋಣ.

ಹತ್ತೊಂಬತ್ತನೆಯ ಶತಮಾನದಲ್ಲಿ ಪರ್ವತಾರೋಹಣವು ಬಹುಮಟ್ಟಿಗೆ ಬಿಡುವೂ ಹಣವೂ ಉಳ್ಳವರ ವಿನೋದವಾಗಿದ್ದಿತು. 1857ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಆಲ್ಪೈನ್ ಕ್ಲಬ್ಬಿನ ಸದಸ್ಯರಲ್ಲಿ ವಕೀಲರೂ, ಪಾದ್ರಿಗಳೂ, ಪ್ರಾಧ್ಯಾಪಕರೂ ಹೆಚ್ಚಾಗಿದ್ದರು. ಅವರು ರೈಲಿನಲ್ಲಿ ಬಂದು, ಹೋಟೆಲಿನಲ್ಲಿ ಇಳಿದುಕೊಂಡು, ಆ ಕಣಿವೆಯ ರೈತಮಕ್ಕಳನ್ನು ಮಾರ್ಗದರ್ಶಿಗಳನ್ನಾಗಿ ಕೂಲಿಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ದಾರಿಯನ್ನು ಆರಿಸುವವನು ಮಾರ್ಗದರ್ಶಿ. ಮಂಜುಗಡ್ಡೆಯಲ್ಲಿ ಮೆಟ್ಟಿಲು ಕಡಿಯುವವನು ಅವನೇ. ಮೇಲೆ ನಿಂತು ಹಗ್ಗವನ್ನು ಹಿಡಿಯುವವನೂ ಅವನೇ. 1865ನೆಯ ಇಸವಿಯ ಜುಲೈ 14ರಂದು ಎಡ್ವರ್ಡ್ ವಿಂಪರನ ತಂಡವು ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಮುಟ್ಟಿದಾಗ, ಏಳು ಮಂದಿಯಲ್ಲಿ ಮೂವರು ಕೂಲಿಯ ಮಾರ್ಗದರ್ಶಿಗಳೇ ಆಗಿದ್ದರು. ಇಳಿಯುವಾಗ ಒಬ್ಬನ ಕಾಲು ಜಾರಿ, ಹಗ್ಗ ಹರಿದು, ನಾಲ್ವರು ಪ್ರಪಾತಕ್ಕೆ ಬಿದ್ದು ಮಡಿದರು. ಅವರಲ್ಲಿ ಮಿಶೆಲ್ ಕ್ರೋ ಎಂಬ ಮಾರ್ಗದರ್ಶಿಯೂ ಒಬ್ಬನು.

ಈ ವ್ಯವಸ್ಥೆಯನ್ನು ಅಲುಗಿಸಿದ ಸಂಗತಿಗಳಲ್ಲಿ ಒಂದು ಪರ್ವತಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ಯಂತ್ರ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ, ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳುಳ್ಳ, ಸರಪಳಿಯಿಂದ ಹಿಂಚಕ್ರವನ್ನು ತಿರುಗಿಸುವ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರನ್ನು ಕೂಡಿಸಿದನು. ಬರಬರುತ್ತ ಬೆಲೆ ಇಳಿದು, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ವಾಹನವು ಕಾರ್ಮಿಕನ ಕೈಗೂ ಎಟಕುವಂತಾಯಿತು. ಅನಂತರ ಬಂದುದು 1929ರ ಆರ್ಥಿಕ ಮುಗ್ಗಟ್ಟು. 1932ರ ಆರಂಭದ ವೇಳೆಗೆ ಜರ್ಮನಿಯಲ್ಲಿ ಸುಮಾರು 60 ಲಕ್ಷ ಮಂದಿ ನಿರುದ್ಯೋಗಿಗಳಾಗಿದ್ದರು. ಹಿಂದೆ ಶ್ರೀಮಂತರಿಗೆ ಮಾತ್ರ ಇದ್ದ ಬಿಡುವು ಈಗ ಬಡ ತರುಣನಿಗೂ ದೊರೆಯಿತು. ಆದರೆ ಅದು ಬೇಡದೆ ಬಂದ ಬಿಡುವು. ರೈಲಿಗೆ ಹಣವಿಲ್ಲದವರು ಸೈಕಲ್ಲನ್ನು ತುಳಿದರು. ಹೋಟೆಲಿಗೆ ಹಣವಿಲ್ಲದವರು ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗಿದರು. ಮಾರ್ಗದರ್ಶಿಗೆ ಕೊಡಲು ಹಣವಿಲ್ಲದವರು ಹಗ್ಗದ ಇನ್ನೊಂದು ತುದಿಯನ್ನು ತಮ್ಮ ಗೆಳೆಯನ ಸೊಂಟಕ್ಕೆ ಕಟ್ಟಿದರು. ಹಿಂದಿನವರು ಹಣ ತೆತ್ತು ಪಡೆಯುತ್ತಿದ್ದ ಭರವಸೆಯನ್ನು ಇನ್ನು ಮೇಲೆ ಸ್ನೇಹವೇ ಒದಗಿಸಬೇಕಾಯಿತು.

1931ರ ಬೇಸಗೆಯಲ್ಲಿ ಮ್ಯೂನಿಕ್ ನಗರದಿಂದ ಸೈಕಲ್ಲೇರಿ ಹೊರಟ ಫ್ರಾಂಟ್ಸ್ ಷ್ಮಿಟ್ ಮತ್ತು ಟೋನಿ ಷ್ಮಿಟ್ ಎಂಬ ಸಹೋದರರು ಇಂಥವರು. ಅಣ್ಣನು 1905ರಲ್ಲಿ ಹುಟ್ಟಿದವನು, ತಮ್ಮನು 1909ರಲ್ಲಿ. ಅವರ ಗುರಿ ಸ್ವಿಟ್ಸರ್ಲೆಂಡಿನ ಜೆರ್ಮಾಟ್ ಗ್ರಾಮದ ಮೇಲೆ ನಿಂತಿರುವ ಮ್ಯಾಟರ್‌ಹಾರ್ನಿನ ಉತ್ತರ ಮುಖ. ಆ ಶಿಖರದ ಎತ್ತರ 14,692 ಅಡಿ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಅದಕ್ಕೆ ಸಮನಾಗದು. ಉತ್ತರ ಮುಖವೋ ಮೂರೂವರೆ ಸಾವಿರ ಅಡಿಗೂ ಮಿಕ್ಕ, ಮಂಜು ಮೆತ್ತಿದ, ಕಲ್ಲುಗಳುದುರುವ ಕಡಿದಾದ ಗೋಡೆ. ಅದುವರೆಗೆ ಅದನ್ನು ಹತ್ತಿ ಮುಗಿಸಿದವರಿರಲಿಲ್ಲ.

ಜುಲೈ 31ರ ನಸುಕಿಗೆ ಬಹಳ ಮುಂಚೆ, ಕತ್ತಲಲ್ಲಿಯೇ ಅವರು ಹೊರಟರು. ಹಗಲೆಲ್ಲ ಹತ್ತಿದರೂ ನಿಶ್ಚಿಂತೆಯಿಂದ ಕುಳಿತುಕೊಳ್ಳುವಷ್ಟು ಜಾಗವೂ ಸಿಕ್ಕುವುದು ಕಷ್ಟವಾಯಿತು. ಆ ರಾತ್ರಿಯನ್ನು ಗೋಡೆಯ ಮೇಲೆಯೇ ಕಳೆದು, ಮರುದಿನ ಆಗಸ್ಟ್ 1ರ ಮಧ್ಯಾಹ್ನ ಶಿಖರವನ್ನು ಮುಟ್ಟಿದರು. ಅಷ್ಟರಲ್ಲಿ ಬಿರುಗಾಳಿ ಎದ್ದಿತ್ತು. ಪರಿಚಿತವಾದ ಏಣಿನ ದಾರಿಯಲ್ಲಿ ಇಳಿದು, ಸಾಲ್ವೇ ಎಂಬ ಸಣ್ಣ ಗುಡಿಸಲಿನಲ್ಲಿ ಆಶ್ರಯ ಪಡೆದು, ಗಾಳಿ ಅಡಗುವವರೆಗೆ ಕಾದರು. ಜೆರ್ಮಾಟಿಗೆ ಇಳಿದ ಮೇಲೆ ಅವರಿಗೆ ಉಳಿದಿದ್ದ ಕೆಲಸವೆಂದರೆ ಮತ್ತೆ ಸೈಕಲ್ಲೇರಿ ಮ್ಯೂನಿಕ್ಕಿಗೆ ಮರಳುವುದು. ಜಗತ್ತಿನ ಪತ್ರಿಕೆಗಳು ಅವರನ್ನು ಹೊಗಳಿರಬಹುದು. ಕಣಿವೆಯ ಏರುದಾರಿಯಲ್ಲಿ ಪೆಡಲನ್ನು ತುಳಿಯುವ ಶ್ರಮವು ಅದರಿಂದ ಕಡಿಮೆಯಾಗಲಿಲ್ಲ.

ಆ ಕಾಲದಲ್ಲಿ ಒಲಿಂಪಿಕ್ ಕ್ರೀಡೆಗಳ ಅಂಗವಾಗಿ ಪರ್ವತಾರೋಹಣಕ್ಕೂ ಬಹುಮಾನವಿದ್ದಿತು. 1924ರಲ್ಲಿ ಅದು ಸಂದುದು 1922ರ ಬ್ರಿಟಿಷ್ ಎವರೆಸ್ಟ್ ತಂಡಕ್ಕೆ. ಹೊರೆಯಾಳುಗಳ ಸಾಲನ್ನೇ ಕರೆದೊಯ್ದಿದ್ದ ಆ ದೊಡ್ಡ ಯಾತ್ರೆಯಲ್ಲಿ ಹಿಮಪಾತಕ್ಕೆ ಸಿಕ್ಕಿ ಸತ್ತ ಏಳು ಮಂದಿಯೂ ಹೊರೆಯಾಳುಗಳೇ. 1932ರಲ್ಲಿ, ಲಾಸ್ ಏಂಜಲಿಸಿನಲ್ಲಿ, ಅದೇ ಬಹುಮಾನವು ಎರಡು ಸೈಕಲ್ಲುಗಳ ಷ್ಮಿಟ್ ಸಹೋದರರಿಗೆ ಸಂದಿತು. ಆದರೆ ತಮ್ಮನು ಅದನ್ನು ಕಾಣಲಿಲ್ಲ. ಆ ವರ್ಷದ ಮೇ 16ರಂದು ಆಸ್ಟ್ರಿಯದ ವೀಸ್‌ಬಾಖ್‌ಹಾರ್ನ್ ಪರ್ವತದಲ್ಲಿ ಬಿದ್ದು ಅವನು ತೀರಿಕೊಂಡಿದ್ದನು. ಅಣ್ಣನು 1992ರವರೆಗೆ ಬಾಳಿದನು.

ಸ್ನೇಹದ ಹಗ್ಗಕ್ಕೆ ಬೆಲೆಯಿಲ್ಲವೆಂದು ಯಾರೂ ತಿಳಿಯಬಾರದು. 1936ರ ಜುಲೈಯಲ್ಲಿ ಐಗರ್ ಪರ್ವತದ ಉತ್ತರ ಮುಖದ ಮೇಲೆ ಇಬ್ಬರು ಬವೇರಿಯದ ತರುಣರೂ ಇಬ್ಬರು ಆಸ್ಟ್ರಿಯದ ತರುಣರೂ ಒಂದಾದರು. ಉರುಳಿದ ಕಲ್ಲಿನಿಂದ ಒಬ್ಬನ ತಲೆಗೆ ಗಾಯವಾಯಿತು. ಕೊನೆಗೆ ಶಿಖರದ ಆಸೆಯನ್ನು ತೊರೆದು, ಅವನನ್ನು ಬಿಡದೆ, ಎಲ್ಲರೂ ಇಳಿಯತೊಡಗಿದರು, ನಾಲ್ವರೂ ಮಡಿದರು. ಕೊನೆಯವನಾದ ಟೋನಿ ಕುರ್ಟ್ಸ್ ಹಗ್ಗದಲ್ಲಿ ತೂಗುತ್ತ, ರಕ್ಷಿಸಲು ಬಂದವರ ಕೈಗೆ ಇನ್ನೇನು ಎಟಕುವಷ್ಟರಲ್ಲಿ ಪ್ರಾಣಬಿಟ್ಟನು. ಹಾಗೆ ಬಂದವರು ಯಾರು? ಈ ತರುಣರು ಕೂಲಿ ಕೊಟ್ಟು ಕರೆಯದೆ ಬಿಟ್ಟಿದ್ದ ಸ್ವಿಸ್ ಮಾರ್ಗದರ್ಶಿಗಳೇ. ಕೂಲಿಯ ಮಾತಿಲ್ಲದೆ ತಮ್ಮ ಜೀವವನ್ನು ಪಣವಾಗಿಟ್ಟು ಅವರು ಗೋಡೆಗೆ ಇಳಿದಿದ್ದರು.

ಇನ್ನೊಂದು ಚಿತ್ರ. 1952ರಲ್ಲಿ ಆಸ್ಟ್ರಿಯದ ಹರ್ಮನ್ ಬೂಲ್ ಒಬ್ಬನೇ ಲಾಂಡೆಕ್ ಪಟ್ಟಣದಿಂದ ಸೈಕಲ್ಲಿನಲ್ಲಿ ಹೋಗಿ, ಪಿಟ್ಸ್ ಬಡೀಲೆಯ ಈಶಾನ್ಯ ಮುಖವನ್ನು ಸುಮಾರು ನಾಲ್ಕೂವರೆ ಗಂಟೆಗಳಲ್ಲಿ ಒಬ್ಬನೇ ಹತ್ತಿ ಹಿಂದಿರುಗಿದನು. 1937ರಲ್ಲಿ ಅದನ್ನು ಮೊದಲು ಹತ್ತಿದವರಿಗೆ ಮೂರು ದಿನ ಹಿಡಿದಿತ್ತು. ಆದರೆ ಮನೆಗೆ ಮರಳುವ ದಾರಿಯಲ್ಲಿ, ಸೈಕಲ್ಲಿನ ಮೇಲೆಯೇ ನಿದ್ದೆ ಹತ್ತಿ, ಅವನು ಇನ್ ನದಿಗೆ ಬಿದ್ದನು. ಬೆಟ್ಟದ ಮೇಲೆ ಜಾರದ ಕಾಲು ಸಮದಾರಿಯಲ್ಲಿ ತಪ್ಪಿತು. ಹೆಸರು ಹಿಡಿದು ಕೂಗಿ ಎಬ್ಬಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವನೇನೋ ಎದ್ದು ಮನೆ ಸೇರಿದನು.

ಸೈಕಲ್ಲು ಬಡವನನ್ನು ಪರ್ವತದ ಬುಡಕ್ಕೆ ತಂದು ಬಿಟ್ಟಿತು. ಅದರ ಉಪಕಾರ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಅವನನ್ನು ಹಿಡಿದು ನಿಲ್ಲಿಸಿದುದು ಇನ್ನೊಬ್ಬ ಮನುಷ್ಯನ ಕೈ. ಆರೋಹಣದ ಚರಿತ್ರೆಯಲ್ಲಿ ನಾವು ಎತ್ತರದೊಡನೆ ಬರೆದಿಡಬೇಕಾದುದು ಆ ಕೈಯ ಹೆಸರನ್ನು.